ಆಡುಸೋಗೆಯ ಬುಡದಲ್ಲಿ ಏನೂ ಮೊಳೆಯುವುದಿಲ್ಲ

ಜ್ಯೇಷ್ಠ ಬಹುಳ ಪಂಚಮಿ, ಮೃಗಶಿರಾ ಮಳೆಯ ನಾಲ್ಕನೆಯ ದಿನ. ಬೆಳಗ್ಗೆ ಮೋಡ, ಮಧ್ಯಾಹ್ನ ಒಣಗಾಳಿ, ಸಂಜೆಗೆ ನಾಲ್ಕು ಹನಿ.

ವರ್ಷ ಯಾವುದೆಂದು ಕೇಳಬಾರದು. ಲೋಕ ಆಗಿನ್ನೂ ಹೊಸದು. ವರ್ಷಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಹಳ್ಳ ತನ್ನ ದಾರಿಯನ್ನು ಇನ್ನೂ ಹುಡುಕುತ್ತಿತ್ತು. ಗಿಡಕ್ಕೆ ಮಾತಿತ್ತು, ಗಾಳಿಗೆ ಮಾತಿತ್ತು, ಮಣ್ಣಿಗೆ ಮಾತಿತ್ತು, ನಿನ್ನೆ ಹುಟ್ಟಿದ ಮೊಳಕೆಗೂ ಮಾತಿತ್ತು. ಮನುಷ್ಯನಿಗೂ ಇತ್ತು. ಅವನು ಅದನ್ನು ಸ್ವಲ್ಪ ಹೆಚ್ಚಾಗಿಯೇ ಬಳಸುತ್ತಿದ್ದ.

ಆ ದಿನ ಈರಜ್ಜಿಗೆ ಬಂದ ಸಿಟ್ಟು ಆಮೇಲೆ ಪೂರ್ತಿ ಇಳಿಯಲೇ ಇಲ್ಲ. ಅದು ಯಾಕೆ ಬಂತೆಂದು ಹೇಳಬೇಕಾದರೆ ಆಡುಸೋಗೆಯಿಂದ ಶುರು ಮಾಡಬೇಕು.

ಗುಡ್ಡದ ಕೆಳಗೆ ಒಂಬತ್ತು ಗುಡಿಸಲು. ಗುಡಿಸಲುಗಳ ಹಿಂದೆ ಒಂದು ಆಡುಸೋಗೆ ಗಿಡ. ಉದ್ದನೆಯ ಎಲೆ, ಬಿಳಿಯ ಹೂವು. ಆಗ ಅದರ ಎಲೆ ಕಹಿ ಇರಲಿಲ್ಲ. ಆಡು ಬಂದು ತಿನ್ನುತ್ತಿತ್ತು, ಗಿಡ ಸುಮ್ಮನಿರುತ್ತಿತ್ತು. ಅದರ ನೆರಳಿನಲ್ಲಿ ಗರಿಕೆ ಇತ್ತು, ತುಂಬೆ ಇತ್ತು, ಅದರದೇ ಬೀಜ ಬಿದ್ದು ಎದ್ದ ಮರಿಗಿಡಗಳೂ ಇದ್ದವು. ಮರಿಗಳು ದಿನವಿಡೀ ಗಲಾಟೆ ಮಾಡುತ್ತಿದ್ದವು. ತಾಯಿ ಗದರುತ್ತಿದ್ದಳು, ಮರಿಗಳು ಕೇಳುತ್ತಿರಲಿಲ್ಲ.

ಆಡುಸೋಗೆಯ ಎಲೆಯಲ್ಲಿ ಕೆಮ್ಮಿಗೆ ಮದ್ದು ಇದೆಯೆಂದು ಮೊದಲು ತಿಳಿದದ್ದು ಈರಜ್ಜಿಗೆ. ಅವಳು ಕದ್ದು ತಿಳಿದವಳಲ್ಲ, ಕೇಳಿ ತಿಳಿದವಳು. ಕೇಳುವುದಕ್ಕೆ ಒಂದು ಕ್ರಮ ಇತ್ತು. ಬೆಳಗ್ಗೆ ಏನೂ ತಿನ್ನದೆ ಹೋಗಬೇಕು. ಕಾಂಡ ಮುಟ್ಟಬೇಕು. ಆಗ ಗಿಡ ಮೂರು ಮಾತು ಕೇಳುತ್ತಿತ್ತು.

"ಯಾರಿಗೆ?"

"ನನ್ನ ಮೊಮ್ಮಗಳು ಬೊಮ್ಮಕ್ಕನಿಗೆ, ತಾಯಿ."

"ಏನಕ್ಕೆ?"

"ಕೆಮ್ಮಿಗೆ. ಉಸಿರು ಎಳೆಯೋವಾಗ ಪಕ್ಕೆ ಒಳಕ್ಕೆ ಹೋಗ್ತಾವೆ."

"ಎಷ್ಟು?"

"ನನಗೆ ಗೊತ್ತಿಲ್ಲ. ನೀನೇ ಹೇಳು."

"ಏಳು ಎಲೆ. ಬಿಸಿಲ ಕಡೆಯದು. ಚಿಗುರು ಮುಟ್ಟಬೇಡ."

ಈರಜ್ಜಿ ಏಳೇ ಎಲೆ ಕೀಳುತ್ತಿದ್ದಳು. ಕುದಿಸಿ, ಬತ್ತಿಸಿ, ಕಷಾಯ ಮಾಡಿ ಕುಡಿಸುತ್ತಿದ್ದಳು. ಅಷ್ಟರಲ್ಲೇ ಮಗು ಎದ್ದು ಆಡುತ್ತಿತ್ತು. ಅದೇ ಎಲೆ ಎಂಟಾದರೆ ಹೊಟ್ಟೆ ತೊಳಸುತ್ತದೆ, ಹದಿನೆಂಟಾದರೆ ಏನಾಗುತ್ತದೋ ಗಿಡಕ್ಕೆ ಮಾತ್ರ ಗೊತ್ತು. ಮದ್ದೂ ವಿಷವೂ ಆ ಎಲೆಯಲ್ಲಿ ಒಂದೇ ರಸ. ಅಳತೆ ಮಾತ್ರ ಬೇರೆ. ಆ ಅಳತೆ ಕೇಳಲೆಂದೇ ಮೂರು ಮಾತು.

ಹೀಗೆ ಬಹಳ ದಿನ ನಡೆಯಿತು.

ಆ ವರ್ಷ ಮೃಗಶಿರಾಕ್ಕೆ ಮುಂಚಿನ ರೋಹಿಣಿ ಮಳೆಗೇ ಈರಜ್ಜಿಯ ಮಗ ಪಾತಲಿಂಗ ರಾಗಿಯ ಸಸಿಮಡಿ ಮಾಡಿದ್ದ. ಒಂಬತ್ತು ಗುಡಿಸಲಿಗೂ ಅದೊಂದೇ ಮಡಿ. ಇದ್ದ ಬೀಜವೆಲ್ಲ ಅದರಲ್ಲೇ ಬಿದ್ದಿತ್ತು. ಸಸಿ ಎದ್ದು ಹೊಲಕ್ಕೆ ಹೋದರೆ ಊಟ, ಇಲ್ಲದಿದ್ದರೆ ಗೆಡ್ಡೆ ಗೆಣಸು ಹುಡುಕಿಕೊಂಡು ಗುಡ್ಡ ಸುತ್ತಬೇಕು.

ಸಸಿ ಎದ್ದವು. ಆದರೆ ತೆಳ್ಳಗೆ, ಹಳದಿಯಾಗಿ ಎದ್ದವು. ಸುಮ್ಮನೆ ನಾಲ್ಕು ದಿನ ಬಿಟ್ಟಿದ್ದರೆ, ಮಳೆ ನೆಟ್ಟಗೆ ಹಿಡಿದಿದ್ದರೆ, ತಾವೇ ಸರಿಹೋಗುತ್ತಿದ್ದವು. ಪಾತಲಿಂಗ ಸುಮ್ಮನೆ ಬಿಡುವ ಪೈಕಿ ಅಲ್ಲ. ಕೈ ಸುಮ್ಮನಿದ್ದರೆ ಅವನಿಗೆ ಮೈ ತುರಿಸುತ್ತಿತ್ತು.

"ಅವ್ವ, ಬೊಮ್ಮಕ್ಕನ ಕೆಮ್ಮು ಕಷಾಯಕ್ಕೆ ಹೋಯ್ತಲ್ಲ, ಈ ಸಸಿಗೂ ಹೊಯ್ದರೆ?"

"ಸಸಿಗೆ ಕೆಮ್ಮು ಬಂದಿದೆಯೇನೋ?"

"ತಮಾಷೆ ಬೇಡವ್ವ. ಅವಳೂ ಮಗು, ಇವೂ ಮಕ್ಕಳೇ ತಾನೆ? ಮದ್ದು ಅಂದಮೇಲೆ ಮದ್ದು."

"ಹಂಗಾದರೆ ಹೋಗಿ ಗಿಡವನ್ನೇ ಕೇಳು. ಕೇಳದೆ ಒಂದು ಎಲೆ ಮುಟ್ಟೀಯೆ, ಜೋಕೆ."

ಅಷ್ಟು ಹೇಳಿ ಈರಜ್ಜಿ ಹಳ್ಳದಾಚೆ ಒಂದು ಹೆರಿಗೆಗೆ ಹೋದಳು. ಹೆರಿಗೆ ಕಷ್ಟದ್ದು. ಬರುವಷ್ಟರಲ್ಲಿ ಮೂರು ದಿನವಾಯಿತು.

ಬರುವಾಗ ನಾಲ್ಕು ಹನಿ ಬೀಳುತ್ತಿತ್ತು. ದೂರದಿಂದಲೇ ಅವಳಿಗೆ ಅಳು ಕೇಳಿಸಿತು. ಬೊಮ್ಮಕ್ಕನದ್ದೇನೋ ಎಂದುಕೊಂಡು ಓಡಿದಳು. ಬೊಮ್ಮಕ್ಕನದ್ದಲ್ಲ. ಅದು ಸಸಿಮಡಿಯಿಂದ ಬರುತ್ತಿತ್ತು.

"ಅಜ್ಜೀ, ಕಾಲು ಉರೀತಿದೆ."

"ಅಜ್ಜೀ, ನೀರು ಕುಡಿಯೋಕಾಗ್ತಿಲ್ಲ."

"ಅಜ್ಜೀ, ನಾವೇನು ಮಾಡಿದ್ವಿ?"

ಈರಜ್ಜಿ ಕೂತು ಒಂದು ಸಸಿಯನ್ನು ಮೆಲ್ಲಗೆ ಎತ್ತಿದಳು. ಬಿಳಿಯಾಗಿರಬೇಕಿದ್ದ ಬೇರಿನ ತುದಿ ಸುಟ್ಟ ಬತ್ತಿಯ ಹಾಗೆ ಕಪ್ಪಾಗಿತ್ತು. ಅದರ ಪಕ್ಕದ್ದೂ ಹಾಗೇ, ಆಚೆಯದ್ದೂ ಹಾಗೇ. ಇನ್ನೂ ಮಣ್ಣೊಳಗಿದ್ದ ಬೀಜಗಳು ಬಾಯಿ ಬಿಟ್ಟಲ್ಲೇ ನಿಂತಿದ್ದವು. ಅವಳು ನೋಡುತ್ತಿದ್ದ ಹಾಗೆ ಅಳು ಕಡಿಮೆಯಾಯಿತು. ಹನಿ ನಿಲ್ಲುವಷ್ಟರಲ್ಲಿ ಮಡಿಯಲ್ಲಿ ಒಂದು ದನಿಯೂ ಇರಲಿಲ್ಲ.

ಅವಳು ಎದ್ದು ಗುಡಿಸಲುಗಳ ಹಿಂದೆ ಹೋದಳು. ಆಡುಸೋಗೆಯ ಮೈಮೇಲೆ ಒಂದು ಎಲೆ ಇರಲಿಲ್ಲ. ಚಿಗುರಿಲ್ಲ, ಹೂವಿಲ್ಲ. ಬುಡದ ಮರಿಗಿಡಗಳೂ ಇರಲಿಲ್ಲ. ಕುಡುಗೋಲಿಗೆ ಸಿಕ್ಕಿದ್ದೆಲ್ಲ ಕಷಾಯ ಕುದಿಸುವ ಗುಡಾಣಕ್ಕೆ ಹೋಗಿತ್ತು.

"ಯಾರಿದು?" ಎಂದು ಈರಜ್ಜಿ ಕೇಳಿದಳು. ಯಾರೆಂದು ಗೊತ್ತಿದ್ದೂ ಕೇಳಿದಳು.

ಗಿಡ ಮಾತಾಡಲಿಲ್ಲ. ಗಾಳಿ ಮಾತ್ರ ಅತ್ತಿತ್ತ ಸುಳಿದಾಡಿ, "ನಾನು ಹೇಳಲಾ ಬೇಡವಾ ಅಂತ ಯೋಚಿಸ್ತಿದ್ದೆ" ಎಂದಿತು.

"ಬೊಗಳು" ಎಂದಳು ಈರಜ್ಜಿ. ಗಾಳಿಗೆ ಅವಳು ಹಾಗೆ ಎಂದೂ ಅಂದಿರಲಿಲ್ಲ.

"ಹೊಟ್ಟೆ ತುಂಬ ಉಂಡು ಬಂದ. ಯಾರಿಗೆ ಅಂತ ಗಿಡ ಕೇಳಿತು, 'ನಿನಗ್ಯಾಕೆ' ಅಂದ. ಏನಕ್ಕೆ ಅಂತ ಕೇಳಿತು, 'ಗಿಡ ಗಿಡದ ಹಾಗಿರು' ಅಂದ. ಎಷ್ಟು ಅಂತ ಕೇಳಿತು, ಅದಕ್ಕೆ ಕುಡುಗೋಲೇ ಉತ್ತರ. 'ಹಸಿ ಬೇರಿಗೆ ಇದು ಆಗಲ್ಲ, ಬೇಡಪ್ಪಾ' ಅಂತ ಗಿಡ ಕೂಗಿತು. ಆ ಕೂಗನ್ನು ಅವನ ಕಿವಿಯವರೆಗೆ ತಲುಪಿಸಿದ್ದು ನಾನೇ. ಎಲೆ ಉಳಿಸಿಕೊಳ್ಳೋಕೆ ಸುಳ್ಳು ಹೇಳ್ತಿದೆ ಅಂತ ನಕ್ಕ."

ಬೆಳಗಾಗುವುದರೊಳಗೆ ಸಸಿ ಸತ್ತ ಸುದ್ದಿ ಗುಡ್ಡವೆಲ್ಲ ಹರಡಿತು. ಎಲ್ಲರೂ ಹಳ್ಳದ ಪಕ್ಕದ ಬಂಡೆಯ ಹತ್ತಿರ ಸೇರಿದರು. ಒಂಬತ್ತು ಗುಡಿಸಲಿನವರು ಬಂದರು. ಹೊಂಗೆ ನೆರಳು ಚಾಚಿತು. ಆಡು ಬಂತು, ಇರುವೆಗಳು ಸಾಲಾಗಿ ಬಂದವು.

ಪಾತಲಿಂಗ ಮುಂದೆ ನಿಂತು ಹೇಳಿದ: "ಆಡುಸೋಗೆ ನಮ್ಮ ಸಸಿಗೆ ವಿಷ ಹಾಕಿತು."

ಇಷ್ಟು ಹೇಳಿ ನಿಲ್ಲಿಸಿದ. ಕುಡುಗೋಲಿನ ಮಾತಿಲ್ಲ, ಗುಡಾಣದ ಮಾತಿಲ್ಲ. ಹಸಿದ ಜನಕ್ಕೆ ಅಷ್ಟೇ ಸಾಕಾಯಿತು.

"ಕಿತ್ತು ಹಾಕಿ ಅದನ್ನ!" ಎಂದರು. "ಬೇರು ಸಮೇತ ಕೀಳಿ!"

ಆಡು ಮೇಲೆ ಕೆಳಗೆ ನೋಡಿತು. "ನಾನು ದಿನಾ ತಿಂತೀನಿ, ನನಗೇನೂ ಆಗಿಲ್ಲವಲ್ಲ" ಎಂದಿತು. ಅದನ್ನು ಯಾರೂ ಕೇಳಲಿಲ್ಲ. ಆಡು ಎಲ್ಲವನ್ನೂ ತಿನ್ನುತ್ತದೆ, ಅದರ ಸಾಕ್ಷಿಗೆ ಬೆಲೆ ಇರಲಿಲ್ಲ.

ಜನ ಗಿಡದ ಹತ್ತಿರ ಬಂದಾಗ ಈರಜ್ಜಿ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದಳು.

"ಏಳವ್ವ" ಎಂದ ಪಾತಲಿಂಗ.

"ಮೊದಲು ನನ್ನ ಕೀಳು. ಕೈ ರೂಢಿಯಾಗಿದೆಯಲ್ಲ ನಿನಗೆ."

"ಅವ್ವ, ಎಲ್ಲರ ಮುಂದೆ..."

"ಎಲ್ಲರ ಮುಂದೆಯೇ ಹೇಳೋದು. ಕಿತ್ತವನು ಇವನು. ಕುದಿಸಿದವನು ಇವನು. ಹೊಯ್ದವನು ಇವನು. ಹೆತ್ತವಳು ನಾನು. ಗಿಡ ಏನು ಮಾಡಿತು? ಬೇಡ ಅಂದಿತು. ಅಷ್ಟೇ ಅದು ಮಾಡಿದ್ದು."

ಜನ ಪಾತಲಿಂಗನ ಮುಖ ನೋಡಿದರು.

"ನಾನು ಒಳ್ಳೇದಕ್ಕೇ ಮಾಡಿದೆ" ಎಂದ ಅವನು. "ನನಗೆ ಹೆಂಗೆ ಗೊತ್ತಾಗಬೇಕು? ನಮ್ಮ ಮಗುಗೆ ಮದ್ದಾದದ್ದು ನಮ್ಮ ಸಸಿಗೆ ವಿಷ ಆಗುತ್ತೆ ಅಂತ ಯಾರು ಕಂಡಿದ್ದರು? ತಪ್ಪೇ ಅಂದರೆ ತಪ್ಪೇ ಅನ್ನಿ. ಏನು ಮಾಡೋಕಾಗುತ್ತೆ ಈಗ."

ಅಷ್ಟು ಹೇಳಿ ಕೈ ಒದರಿಕೊಂಡ. ಮಣ್ಣು ಒದರಿದ ಹಾಗೆ ಒದರಿದ.

ಆಗ ಆಡುಸೋಗೆ ಬಾಯಿ ಬಿಟ್ಟಿತು. ಬರಿಯ ಕಡ್ಡಿಗಳಿಂದ ಅಷ್ಟು ದೊಡ್ಡ ದನಿ ಬರಬಹುದೆಂದು ಯಾರೂ ತಿಳಿದಿರಲಿಲ್ಲ.

"ಕೇಳಿದವರಿಗೆ ಎಂದಾದರೂ ಇಲ್ಲ ಅಂದಿದ್ದೀನಾ? ನಿಮ್ಮ ಮಕ್ಕಳು ಕೆಮ್ಮಿದಾಗೆಲ್ಲ ನನ್ನ ಮೈ ಹರಿದು ಕೊಟ್ಟೆ. ಏಳು ಎಲೆ ಕೊಡೋಕೆ ಮೂರು ಮಾತು ಕೇಳಿದೆ. ಮೂರೇ ಮಾತು! ಅದಕ್ಕೂ ಬಾಯಿ ಬರಲಿಲ್ಲ ನಿಮಗೆ. ನನ್ನ ಮರಿಗಳನ್ನೂ ಕೊಯ್ದು ಕುದಿಸಿ, ಆ ರಸದಲ್ಲೇ ಇನ್ನೊಬ್ಬರ ಮಕ್ಕಳನ್ನ ಕೊಂದು, ವಿಷ ಹಾಕಿದ್ದು ನಾನು ಅಂತೀರಾ? ಆಗಲಿ. ವಿಷ ಅಂದಿರಲ್ಲ, ಇವತ್ತಿಂದ ವಿಷವೇ. ಭೂಮ್ತಾಯಿ!"

"ಇದ್ದೀನಿ, ಹೇಳು" ಎಂದಿತು ನೆಲ.

"ಇವತ್ತಿಂದ ನನ್ನ ಎಲೆ ಕಹಿಯಾಗಲಿ. ಉದುರಿದ ಎಲೆಯ ರಸ, ಬೇರಿನ ಬೆವರು, ನನ್ನ ಮೇಲಿಂದ ಇಳಿದ ಮಳೆನೀರು, ಎಲ್ಲ ನನ್ನ ಬುಡದಲ್ಲೇ ಇಂಗಲಿ. ಆ ಮಣ್ಣಲ್ಲಿ ಬೀಜ ಬಾಯಿ ಬಿಟ್ಟರೆ ಅದರ ಬೇರು ಕಪ್ಪಾಗಲಿ. ಇನ್ನು ಯಾರೂ ನನ್ನ ಹತ್ತಿರ ಮಡಿ ಮಾಡೋದು ಬೇಡ, ಯಾರೂ ನನ್ನ ಹತ್ತಿರ ಬರೋದೂ ಬೇಡ."

ನೆಲ ಕೇಳಿತು, "ಯಾರನ್ನ ಬಿಡಲಿ?"

"ಯಾರನ್ನೂ ಬಿಡಬೇಡ."

"ಸರಿಯಾಗಿ ಯೋಚನೆ ಮಾಡು ಮಗಳೇ. ನನಗೆ ಬೀಜ ಬೀಜಕ್ಕೆ ವ್ಯತ್ಯಾಸ ಗೊತ್ತಾಗಲ್ಲ."

"ಯಾರನ್ನೂ ಬಿಡಬೇಡ ಅಂದೆನಲ್ಲ!"

ಈರಜ್ಜಿ ಕಾಂಡದ ಮೇಲೆ ಕೈಯಿಟ್ಟು, "ತಾಯಿ, ಇವತ್ತು ಬೇಡ, ನಾಳೆ ಹೇಳು" ಎಂದಳು. ಅಷ್ಟರಲ್ಲಿ ನೆಲ "ಆಯ್ತು" ಅಂದುಬಿಟ್ಟಿತ್ತು.

ಜನ ಹಿಂದಕ್ಕೆ ಸರಿದರು. ಕೀಳುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಆಡಿಗೆ ಮಾತ್ರ ಏನೂ ಅರ್ಥವಾಗಿರಲಿಲ್ಲ. ಎಂಟು ದಿನದ ಮೇಲೆ ಹೊಸ ಚಿಗುರು ಬಂದಾಗ ಎಂದಿನ ಹಾಗೆ ಬಂದು ಬಾಯಿ ಹಾಕಿತು. ಮುಖ ಸಿಂಡರಿಸಿತು, ಉಗುಳಿತು, ಮತ್ತೆ ಉಗುಳಿತು. "ನಿನ್ನ ಪರವಾಗಿ ಮಾತಾಡಿದ್ದಕ್ಕೆ ಇದಾ?" ಎಂದು ಬೈದುಕೊಂಡು ಹೋಯಿತು.

ರಾಗಿಯ ಬೀಜ ಇರುವೆಗಳು ಕೊಟ್ಟವು. "ನಿಮ್ಮದೇ ಕಣಜದಿಂದ ಕದ್ದದ್ದು, ಹಂಗಾಗಿ ಉಪಕಾರ ಅಂತೇನೂ ತಿಳ್ಕೋಬೇಡಿ" ಎಂದವು. ಬೇರೆ ಕಡೆ ಮಡಿ ಮಾಡಿದರು. ತಡವಾಗಿಯಾದರೂ ಸಸಿ ಎದ್ದವು. ಒಂಬತ್ತು ಗುಡಿಸಲಿಗೂ ಅರೆಹೊಟ್ಟೆಗೆ ಬಂತು.

ಪಾತಲಿಂಗ ಏನು ತೆತ್ತ? ಏನೂ ಇಲ್ಲ. ಎಲ್ಲರಂತೆ ಉಂಡ, ಎಲ್ಲರಂತೆ ಮಲಗಿದ. ಅದನ್ನು ನೋಡಿದಾಗೆಲ್ಲ ಈರಜ್ಜಿಗೆ ಮೈಯೆಲ್ಲ ಉರಿಯುತ್ತಿತ್ತು. ಮುದ್ದೆ ಬಡಿಸುವಾಗ ಮಗನ ಮುಖ ನೋಡುತ್ತಿರಲಿಲ್ಲ.

ಒಂದು ವರ್ಷ ಹೋಯಿತು. ಮರುವರ್ಷದ ಪುನರ್ವಸು ಮಳೆ ಹಿಡಿದು ಕೂತಿತು. ಏಳು ದಿನ ಬಿಸಿಲಿಲ್ಲ. ಬೊಮ್ಮಕ್ಕನಿಗೆ ಕೆಮ್ಮು ತಿರುಗಿ ಬಂತು. ಈ ಸಲ ಹಿಂದಿನಂತಲ್ಲ. ಉಸಿರು ಎಳೆಯುವಾಗ ಎದೆಯೊಳಗೆ ಯಾರೋ ಹಗ್ಗ ಹೊಸೆದ ಹಾಗೆ ಸದ್ದು. ತುಟಿ ನೀಲಿ.

ಈರಜ್ಜಿ ಏನೂ ತಿನ್ನದೆ ಗಿಡದ ಹತ್ತಿರ ಹೋದಳು. ಕಾಂಡ ಮುಟ್ಟಿದಳು. ಗಿಡ ಏನೂ ಕೇಳಲಿಲ್ಲ. ಮರುದಿನವೂ ಹೋದಳು, ಕೇಳಲಿಲ್ಲ. ಮೂರನೆಯ ದಿನ ಅವಳು ಅಲ್ಲೇ ಕೆಸರಲ್ಲಿ ಕೂತುಬಿಟ್ಟಳು.

"ತಾಯಿ, ಆ ಹುಡುಗಿ ಏನು ಮಾಡಿದಳು?"

"ಏನೂ ಇಲ್ಲ" ಎಂದಿತು ಆಡುಸೋಗೆ. "ನನ್ನ ಮರಿಗಳೂ ಏನೂ ಮಾಡಿರಲಿಲ್ಲ."

"ಕೊಡಲ್ಲ ಅಂತೀಯಾ?"

"ಕೊಡಲ್ಲ ಅನ್ನಲ್ಲ. ಕಿತ್ತವನು ಬಂದು ಕೇಳಲಿ."

ಈರಜ್ಜಿ ಮನೆಗೆ ಬಂದು ಹೇಳಿದಳು. ಪಾತಲಿಂಗ ಒಲೆಯ ಮುಂದೆ ಕೂತಿದ್ದ.

"ಗಿಡದ ಮುಂದೆ ಹೋಗಿ ನಿಂತ್ಕೋಬೇಕಾ ನಾನು? ಊರವರು ನಗಲ್ವಾ?"

"ಊರವರು!" ಈರಜ್ಜಿಯ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. "ಇಲ್ಲಿ ಬಾ. ನಿನ್ನ ಮಗಳ ಪಕ್ಕೆ ಮುಟ್ಟಿ ನೋಡು. ಮುಟ್ಟೋ! ಒಂದು ವರ್ಷ ನಿನಗೆ ಮುದ್ದೆ ಹಾಕಿದ್ದೀನಿ, ಒಂದು ಮಾತು ಆಡಿಲ್ಲ. ಈಗ ಕೇಳು. ಕೈ ಒದರಿದರೆ ಹೋಗೋ ಮಣ್ಣಲ್ಲ ಅದು. ಇವಳಿಗೇನಾದರೂ ಆದರೆ, ಗಿಡ ಕೊಂದಿತು ಅಂತ ಮತ್ತೆ ಬಂಡೆ ಹತ್ತಿರ ಹೇಳ್ತೀಯಾ?"

ಪಾತಲಿಂಗ ಮಗಳ ಪಕ್ಕೆ ಮುಟ್ಟಿದ. ಅವನ ಬೆರಳು ಎಲುಬಿನ ನಡುವೆ ಒಳಕ್ಕೆ ಹೋಗಿ ಹೊರಕ್ಕೆ ಬಂತು.

ಎದ್ದ. ಮುಂದಿದ್ದ ಊಟ ಮುಟ್ಟದೆ ಎದ್ದ. ಮಳೆಯಲ್ಲಿ ನಡೆದು ಹೋದ. ಈರಜ್ಜಿ ಹಿಂದೆಯೇ ಹೋಗಿ ದೂರ ನಿಂತಳು.

ಅವನು ಕಾಂಡ ಮುಟ್ಟಿದ.

"ಯಾರಿಗೆ?" ಎಂದಿತು ಗಿಡ.

"ನನ್ನ ಮಗಳು ಬೊಮ್ಮಕ್ಕನಿಗೆ."

"ಏನಕ್ಕೆ?"

"ಕೆಮ್ಮಿಗೆ. ಉಸಿರು ಸಿಗ್ತಿಲ್ಲ ಅವಳಿಗೆ."

"ಎಷ್ಟು?"

ಅವನು ತಾಯಿಯ ಕಡೆ ತಿರುಗಿದ. ಈರಜ್ಜಿ ಮುಖ ಆಚೆ ಮಾಡಿದಳು.

"ಗೊತ್ತಿಲ್ಲ" ಎಂದ ಪಾತಲಿಂಗ. "ನನಗೆ ಗೊತ್ತಿಲ್ಲ. ನೀನೇ ಹೇಳು, ತಾಯಿ."

"ಇಷ್ಟು ಮಾತು ಆವತ್ತು ಆಡಿದ್ದರೆ ಸಾಕಿತ್ತು" ಎಂದಿತು ಗಿಡ. "ಏಳು ಎಲೆ. ಕಹಿ ಇರುತ್ತೆ, ಜೇನು ಹಾಕಿ ಕುಡಿಸು."

ಅವನು ಒಂದೊಂದೇ ಎಲೆ ಬಿಡಿಸಿದ. ಏಳನೆಯದು ಕೈಜಾರಿ ಬುಡಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಹಾಗೇ ಕೂತ.

ಸುತ್ತ ಎಲ್ಲ ಕಡೆ ಮಳೆಗೆ ಹುಲ್ಲು ಮೊಣಕಾಲುದ್ದ ಎದ್ದಿತ್ತು. ಗಿಡದ ಬುಡ ಮಾತ್ರ ಗುಡಿಸಿಟ್ಟ ಅಂಗಳದ ಹಾಗಿತ್ತು. ಗರಿಕೆ ಇಲ್ಲ, ತುಂಬೆ ಇಲ್ಲ. ಆದರೆ ಬೀಜ ಇದ್ದವು. ಬೇಸಗೆಯ ಬಿಸಿಲಿಗೆ ಕಾಯಿ ಸಿಡಿದು ಬಿದ್ದ ಬೀಜಗಳು. ಪಾತಲಿಂಗ ಬಿತ್ತುವವನು, ಅವನಿಗೆ ಬೀಜ ಗೊತ್ತು. ಜೊಳ್ಳಲ್ಲ, ಗಟ್ಟಿ ಬೀಜ. ಇಷ್ಟು ಮಳೆಗೆ ಏಳಬೇಕಿತ್ತು.

ಒಂದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. ಬೀಜ ಬಾಯಿ ಬಿಟ್ಟಿತ್ತು. ಬೇರಿನ ತುದಿ ಹೊರಗೆ ಬಂದು ಕಪ್ಪಾಗಿತ್ತು.

"ಇದು ಯಾವುದರ ಬೀಜ?" ಎಂದು ಕೇಳಿದ. ಅವನ ದನಿ ಸಣ್ಣದಾಗಿತ್ತು.

"ನನ್ನದೇ."

"ನಿನ್ನ ಮಕ್ಕಳಾ?"

"ಯಾರನ್ನೂ ಬಿಡಬೇಡ ಅಂದಿದ್ದೆನಲ್ಲ. ಭೂಮ್ತಾಯಿ ಯಾರನ್ನೂ ಬಿಡಲಿಲ್ಲ. ನಿನ್ನ ಮಡಿಗೆ ನೀನು ಒಂದು ದಿನ ಹೊಯ್ದೆ, ಪಾತಲಿಂಗ. ನನ್ನ ಮಡಿಗೆ ನಾನು ದಿನಾ ಹೊಯ್ತೀನಿ. ನಿನ್ನ ಸಸಿ ಅಜ್ಜೀ ಕಾಲು ಉರೀತಿದೆ ಅಂತ ಅತ್ತವಲ್ಲ, ಮಳೆ ಬಂದಾಗೆಲ್ಲ ಇವೂ ಹಂಗೇ ಅಳ್ತಾವೆ. ನನ್ನನ್ನ ಅಮ್ಮಾ ಅಂತ ಕರೀತಾವೆ."

"ವಾಪಸು ತಗೊಳ್ಳೋಕೆ ಆಗಲ್ವಾ? ನೆಲವನ್ನ ಕೇಳು. ನಾನೂ ಕೇಳ್ತೀನಿ."

"ಕೇಳಿದೆ. ಇಂಗಿದ ನೀರು ಮೇಲಕ್ಕೆ ಬರಲ್ಲ ಅಂತು."

ನಾನು ಒಳ್ಳೇದಕ್ಕೇ ಮಾಡಿದೆ ಎನ್ನುವ ಮಾತು ಪಾತಲಿಂಗನ ನಾಲಿಗೆಯ ತುದಿಗೆ ಬಂದದ್ದು ಈರಜ್ಜಿಗೆ ದೂರದಿಂದಲೇ ಕಂಡಿತು. ಅದನ್ನು ಅವನು ನುಂಗಿದ.

ಅವಳು ಹತ್ತಿರ ಬಂದು ಏಳು ಎಲೆ ಇಸಿದುಕೊಂಡಳು. "ನಾನು ಮಗು ನೋಡ್ತೀನಿ" ಎಂದಳು. ಆಮೇಲೆ ಗಿಡದ ಕಡೆ ತಿರುಗಿ ಕೇಳಿದಳು, "ಬೀಜ ಆಗಲ್ಲ. ಕಡ್ಡಿ?"

"ಕಡ್ಡಿ ಬದುಕಬಹುದು" ಎಂದಿತು ಗಿಡ. "ಆದರೆ ನನಗೆ ನಾನೇ ಮುರಿದುಕೊಳ್ಳೋಕೆ ಕೈಯಿಲ್ಲ."

"ಇವನಿಗಿದೆ" ಎಂದಳು ಈರಜ್ಜಿ. "ಮುರಿಯೋದು ಚೆನ್ನಾಗಿ ಬರುತ್ತೆ ಇವನಿಗೆ. ಕೇಳಿ ಮುರಿಯಲಿ."

ಪಾತಲಿಂಗ ಕೇಳಿದ. ಗಿಡ ತೋರಿಸಿದ ಕಡ್ಡಿಯನ್ನು ಮುರಿದ, ದೂರದ ಬೇಲಿಯ ಸಾಲಿನಲ್ಲಿ ನೆಟ್ಟ, ಮಳೆಯಲ್ಲಿ ಅದರ ಪಕ್ಕ ಕೂತ. ಬೊಮ್ಮಕ್ಕನ ಕೆಮ್ಮು ಇಳಿದು ಅವಳು ನಿದ್ದೆ ಹೋದ ಹೊತ್ತಿಗೂ ಅವನು ಒಳಗೆ ಬಂದಿರಲಿಲ್ಲ. ಕರೆಯಲು ಈರಜ್ಜಿಯೂ ಹೋಗಲಿಲ್ಲ.

ಅದಕ್ಕೇ ಮಗು, ನೀನು ಯಾವ ಹೊಲದ ಬೇಲಿಯಲ್ಲಿ ನೋಡಿದರೂ ಆಡುಸೋಗೆ ಯಾರೋ ಮುರಿದು ನೆಟ್ಟ ಕಡ್ಡಿಯಿಂದ ಎದ್ದದ್ದೇ ಆಗಿರುತ್ತದೆ, ಆಡು ಅದನ್ನು ಮೂಸಿ ಮುಂದೆ ಹೋಗುತ್ತದೆ, ಮತ್ತು ಎಷ್ಟೇ ಮಳೆ ಬಂದರೂ ಅದರ ಬುಡದ ಮಣ್ಣು ಬರಿದಾಗಿಯೇ ಇರುತ್ತದೆ.